ಶುಗರ್ ಪೇಷೆಂಟಿಗೆ ಸಕ್ಕರೆಯೇ?

ಈ ಬರಹ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ರುಚಿಸಲಾರದು. ನನ್ನ ತರಗತಿಯಲ್ಲಿ ಕುಳಿತು ಹೋದ ಹೆಣ್ಣುಮಕ್ಕಳಲ್ಲಿ ಹಲವರು ಇಂದು ಶಿವಮೊಗ್ಗ, ಭದ್ರಾವತಿ, ಮಂಗಳೂರು, ಬೆಂಗಳೂರುಗಳ ಆಸ್ಪತ್ರೆಗಳಲ್ಲಿ ನರ್ಸ್‌ಗಳಾಗಿದ್ದಾರೆ. ಹುಡುಗರಲ್ಲಿ ಕೆಲವರು ಪ್ರಯೋಗಾಲಯಗಳಲ್ಲಿದ್ದಾರೆ. ಇಬ್ಬರು ಮೂವರು ವೈದ್ಯರೂ ಆಗಿದ್ದಾರೆ. ಅವರ ಬಗ್ಗೆ ನನಗಿರುವ ಹೆಮ್ಮೆ ಸಣ್ಣದಲ್ಲ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ನಮ್ಮ ಆಸ್ಪತ್ರೆಗಳಲ್ಲಿ ಮಧುಮೇಹಿಗೆ ತಿಳಿವಳಿಕೆ ಸಿಗಬೇಕಾದ ಕಡೆ ಬೈಗುಳ ಸಿಗುತ್ತಿದೆ. ಬೈಗುಳದಿಂದ ಸಕ್ಕರೆ ಇಳಿಯುವುದಿಲ್ಲ. ತಿಳಿವಳಿಕೆ ಇಲ್ಲದಿದ್ದರೆ ಮಾತ್ರ ಜೀವವೇ ಹೋಗಬಹುದು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ.

ನನ್ನ ಅಕ್ಕನ ಯಜಮಾನರು, ಅಂದರೆ ನನ್ನ ಭಾವನವರು, ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಬಹಳ ಕಾಲದಿಂದ ಮಧುಮೇಹಿಗಳು. ಮೊದಲು ಮಾತ್ರೆ, ಈಗ ಕೆಲವು ವರ್ಷಗಳಿಂದ ಬೆಳಿಗ್ಗೆ ಮತ್ತು ರಾತ್ರಿ ಇನ್ಸುಲಿನ್. ಹೊಟ್ಟೆನೋವೆಂದು ಅವರನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಗಳವರು "ಸದ್ಯ, ನಮ್ಮದಲ್ಲ" ಎಂದು ನೆಮ್ಮದಿಯಾಗಿ ಇದ್ದುಬಿಡುತ್ತಾರೆ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ವಾರ್ಡಿನ ನರ್ಸ್ ಬಂದು ಕೇಸ್ ಶೀಟು ನೋಡಿ, ಇನ್ಸುಲಿನ್ ಚುಚ್ಚಿ, ಗುರುತು ಹಾಕಿ ಹೋದರು. ಅವರು ಮಾಡಿದ್ದು ಸರಿ. ಎಂಟು ಗಂಟೆಗೆ ಉಪ್ಪಿಟ್ಟು ಬರಬೇಕಿತ್ತು. ಅದಕ್ಕೂ ಮೊದಲೇ ಗಾಲಿಕುರ್ಚಿ ಬಂತು. "ಸ್ಕ್ಯಾನಿಂಗ್‌ಗೆ ಕರೀತಿದ್ದಾರೆ. ಹೊಟ್ಟೆ ಸ್ಕ್ಯಾನು, ಏನೂ ತಿನ್ನಿಸಬೇಡಿ" ಎಂದು ಕರೆದೊಯ್ದರು. ಅವರು ಹೇಳಿದ್ದೂ ಸರಿ. ಹೊಟ್ಟೆಯ ಸ್ಕ್ಯಾನಿಂಗ್ ಖಾಲಿ ಹೊಟ್ಟೆಯಲ್ಲಿಯೇ ಆಗಬೇಕು. ಆದರೆ ಚುಚ್ಚುಮದ್ದು ಕೊಟ್ಟವರಿಗೆ ಸ್ಕ್ಯಾನಿಂಗ್ ವಿಷಯ ತಿಳಿದಿರಲಿಲ್ಲ, ಸ್ಕ್ಯಾನಿಂಗ್ ಕೋಣೆಯವರಿಗೆ ಚುಚ್ಚುಮದ್ದಿನ ವಿಷಯ ತಿಳಿದಿರಲಿಲ್ಲ. ಇನ್ಸುಲಿನ್‌ಗೆ ಮಾತ್ರ ಎರಡೂ ಕಡೆಯ ವಿಷಯ ಬೇಕಿರಲಿಲ್ಲ. ಅದು ತನ್ನ ಕೆಲಸವನ್ನು ತಾನು ಮಾಡುತ್ತಾ ಹೋಯಿತು.

ಮೊಗಸಾಲೆಯಲ್ಲಿ ಉದ್ದನೆಯ ಸಾಲು. ಒಂಬತ್ತೂಕಾಲರ ಹೊತ್ತಿಗೆ ಭಾವನವರ ಹಣೆಯ ಮೇಲೆ ಬೆವರು ಮೂಡಿತು. ಕೈ ನಡುಗತೊಡಗಿತು. ಎಂದೂ ಸಿಡುಕದ ಮನುಷ್ಯ ಅಕ್ಕನ ಮೇಲೆ ಸಿಡುಕಿದರು; ಸ್ವಲ್ಪ ಹೊತ್ತಿಗೆ ಅವಳನ್ನೇ "ಅಮ್ಮಾ" ಎಂದು ಕರೆದರು. ಅಕ್ಕನಿಗೆ ಅರ್ಥವಾಯಿತು. ಹದಿನೈದಿಪ್ಪತ್ತು ವರ್ಷ ಈ ರೋಗದೊಡನೆ ಸಂಸಾರ ಮಾಡಿದವಳು ಅವಳು. ಚೀಲದಿಂದ ಸಕ್ಕರೆಯ ಡಬ್ಬಿ ತೆಗೆದು, ಚಮಚದಲ್ಲಿ ಇನ್ನೇನು ಬಾಯಿಗೆ ಹಾಕಬೇಕು, ಅಷ್ಟರಲ್ಲಿ ಸಮವಸ್ತ್ರದಲ್ಲಿದ್ದ ಸಿಬ್ಬಂದಿಯೊಬ್ಬರು ಓಡಿ ಬಂದು ಕೈ ಹಿಡಿದರು.

"ಏನಮ್ಮಾ ಮಾಡ್ತಿದ್ದೀರಾ? ಶುಗರ್ ಪೇಷೆಂಟಿಗೆ ಸಕ್ಕರೆ ತಿನ್ನಿಸ್ತಾರಾ? ನೋಡಿದ್ರೆ ಓದಿದೋರ ಥರ ಕಾಣ್ತೀರಿ!"

ಅಕ್ಕನ ಕೈ ಕೆಳಗಿಳಿಯಿತು. ಸಮವಸ್ತ್ರಕ್ಕೆ ಅಷ್ಟು ಶಕ್ತಿಯಿದೆ. "ಹಾಗಾದ್ರೆ ಒಂದ್ಸಲ ಚೆಕ್ ಮಾಡಿ ಸಿಸ್ಟರ್" ಎಂದು ಬೇಡಿಕೊಂಡಳು. ಗ್ಲುಕೋಮೀಟರ್ ವಾರ್ಡಿನಲ್ಲಿತ್ತು, ವಾರ್ಡಿನ ಬೀರುವಿನೊಳಗಿತ್ತು, ಬೀರುವಿನ ಕೀಲಿ ಮುಖ್ಯ ನರ್ಸ್ ಬಳಿಯಿತ್ತು, ಮುಖ್ಯ ನರ್ಸ್ ಮೀಟಿಂಗ್‌ನಲ್ಲಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು. ಕೀಲಿ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು, ಭಾವನವರ ತಲೆ ಎದೆಯ ಮೇಲೆ ಬಾಗಿತ್ತು. ಮೀಟರ್ ತೋರಿಸಿದ್ದು ೩೪. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯದ ಸೂಚನೆ, ಐವತ್ತನಾಲ್ಕಕ್ಕಿಂತ ಕೆಳಗೆ ತೀವ್ರ ಅಪಾಯ. ಕಿರಿಯ ವೈದ್ಯರೊಬ್ಬರು ಓಡಿ ಬಂದು ನರದ ಮೂಲಕ ಗ್ಲುಕೋಸ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಭಾವನವರು ಕಣ್ಣು ಬಿಟ್ಟು "ನಮ್ಮ ಸರದಿ ಬಂತಾ?" ಎಂದು ಕೇಳಿದರು!

ನಾನು ಭದ್ರಾವತಿಯಿಂದ ಬಸ್ಸಿಳಿದು ಬರುವಷ್ಟರಲ್ಲಿ ಇಷ್ಟೆಲ್ಲಾ ಮುಗಿದಿತ್ತು. ನಾನು ಕಿವಿಯಾರೆ ಕೇಳಿದ್ದು ಕೊನೆಯ ಮಾತನ್ನು ಮಾತ್ರ. ಮುಖ್ಯ ನರ್ಸ್ ಅಕ್ಕನಿಗೆ ಹೇಳುತ್ತಿದ್ದರು: "ಇನ್ಸುಲಿನ್ ತಗೊಂಡ ಮೇಲೆ ತಿಂಡಿ ತಿನ್ನಬೇಕು ಅಂತ ಗೊತ್ತಾಗಲ್ವೇನಮ್ಮಾ? ನಿಮ್ಮದೇ ತಪ್ಪು." ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದು. ತಿನ್ನಬೇಡಿ ಎಂದವರು ಯಾರು, ತಿನ್ನಿಸಹೋದ ಕೈ ಹಿಡಿದವರು ಯಾರು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ರೋಗಿಯ ಕಡೆಯವರಿಗೆ ಒಂದು ಭಯವಿರುತ್ತದೆ. ಅದನ್ನು ಅನುಭವಿಸಿದವರೇ ಬಲ್ಲರು.

ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಈ ಬರಹಕ್ಕೆ ನೈತಿಕ ಹಕ್ಕಿರುವುದಿಲ್ಲ.

೧೯೯೦ರ ದಶಕದಲ್ಲಿ ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಡೆಸ್ಕಿನ ಕೆಳಗೆ ಬಗ್ಗಿ ಬಿಸ್ಕತ್ತು ತಿನ್ನುತ್ತಿದ್ದಳು. ಎಬ್ಬಿಸಿದೆ. ಅವಳು ಮಾತಾಡಲಿಲ್ಲ. ಪಕ್ಕದವಳು ಮೆಲ್ಲನೆ "ಸಾರ್, ಅವಳಿಗೆ ಶುಗರ್ ಇದೆ" ಎಂದಳು. ನಾನೇನೆಂದೆ ಗೊತ್ತೇ? "ಶುಗರ್ ಇದ್ದರೆ ಬಿಸ್ಕತ್ತು ಏಕೆ ತಿನ್ನಬೇಕು?" ಇಡೀ ತರಗತಿ ನಕ್ಕಿತು. ಅವಳನ್ನು ಹೊರಗೆ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಜಗುಲಿಯಲ್ಲಿ ಕುಸಿದು ಬಿದ್ದಳು. ಕಣ್ಣು ತೆರೆದಿದ್ದಳು, ನುಂಗಬಲ್ಲವಳಾಗಿದ್ದಳು. ಶಾಲೆಯ ಜವಾನ ಸ್ಟಾಫ್ ರೂಮಿನಿಂದ ಚಹಾದ ಸಕ್ಕರೆ ತಂದು ನೀರಿನಲ್ಲಿ ಕದಡಿ ಕುಡಿಸಿದ. ಅವನ ಮನೆಯಲ್ಲಿ ಯಾರಿಗೋ ಈ ಕಾಯಿಲೆ ಇತ್ತಂತೆ. ಬಿ.ಇಡಿ. ಮಾಡಿದ ನನಗೆ ತಿಳಿಯದ್ದು ಅವನಿಗೆ ತಿಳಿದಿತ್ತು.

ಆ ವರ್ಷವೂ ನಾನು ಹತ್ತನೆಯ ತರಗತಿಗೆ ಮೇದೋಜೀರಕ ಗ್ರಂಥಿಯ ಪಾಠ ಮಾಡಿದ್ದೆ. "ಇನ್ಸುಲಿನ್ ಕೊರತೆಯಿಂದ ಮಧುಮೇಹ ಉಂಟಾಗುತ್ತದೆ": ಎರಡು ಅಂಕದ ಉತ್ತರ. ಇನ್ಸುಲಿನ್ ಹೆಚ್ಚಾದರೆ ಏನಾಗುತ್ತದೆ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತಿರಲಿಲ್ಲ, ಆದ್ದರಿಂದ ನಾನು ಕಲಿಸಲಿಲ್ಲ. ನನ್ನ ಕೈಯಲ್ಲಿ ಆ ಎರಡು ಅಂಕ ಪಡೆದು ಹೋದವರಲ್ಲಿಯೇ ಕೆಲವರು ನರ್ಸ್‌ಗಳಾದರು. ಮೊಗಸಾಲೆಯಲ್ಲಿ ಅಕ್ಕನ ಕೈ ಹಿಡಿದ ಆ ಸಿಬ್ಬಂದಿ ಆಡಿದ್ದು ಮೂವತ್ತು ವರ್ಷದ ಹಿಂದೆ ನಾನೇ ಆಡಿದ ಮಾತು. ಆ ಹುಡುಗಿ ಇದನ್ನು ಓದುತ್ತಿದ್ದರೆ, ತಾಯಿ, ನಿನ್ನ ಮೇಷ್ಟ್ರು ನಿನ್ನ ಕ್ಷಮೆ ಕೇಳುತ್ತಿದ್ದಾನೆ.

ಹಾಗಾಗಿ ನನ್ನ ಜಗಳ ಯಾವುದೋ ಒಬ್ಬ ನರ್ಸ್ ಮೇಲಲ್ಲ. ತಿಳಿಯದವನ ಕೈಗೆ ಅಧಿಕಾರ ಕೊಟ್ಟು, ತಿಳಿವಳಿಕೆ ಕೊಡದೆ, ಬೈಯುವುದನ್ನು ಮಾತ್ರ ರೂಢಿ ಮಾಡಿಸುವ ಪದ್ಧತಿಯ ಮೇಲೆ.

ಬೇಕಾದ ತಿಳಿವಳಿಕೆಯಾದರೂ ಎಷ್ಟು? ಸಕ್ಕರೆ ಎಪ್ಪತ್ತಕ್ಕಿಂತ ಇಳಿದರೆ, ರೋಗಿಗೆ ಎಚ್ಚರವಿದ್ದು ನುಂಗಬಲ್ಲವನಾಗಿದ್ದರೆ, ಹದಿನೈದು ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ, ಅಂದರೆ ಸುಮಾರು ಮೂರು ಚಹಾ ಚಮಚ, ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೆ ಕೊಡಬೇಕು. ಏರಿದ ಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ನರದ ಮೂಲಕವೇ ಗ್ಲುಕೋಸ್ ಹೋಗಬೇಕು. ಇಷ್ಟೇ. ಮಗ್ಗಿ ಕಲಿತವರೆಲ್ಲ ಕಲಿಯಬಹುದಾದ ಪಾಠ. ಏರಿದ ಸಕ್ಕರೆ ವರ್ಷಗಟ್ಟಲೆ ತೆಗೆದುಕೊಂಡು ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕೆಡಿಸುತ್ತದೆ. ಕುಸಿದ ಸಕ್ಕರೆ ಗಂಟೆಯೊಳಗೆ ಮಿದುಳನ್ನು ಕೆಡಿಸಬಲ್ಲದು. ನಮ್ಮ ವಾರ್ಡುಗಳಲ್ಲಿ ಮುನ್ನೂರು ಎಂದರೆ ಗಾಬರಿ, ಐವತ್ತು ಎಂದರೆ "ಪರವಾಗಿಲ್ಲ, ಕಂಟ್ರೋಲ್‌ನಲ್ಲಿದೆ" ಎಂಬ ಧಾಟಿ ಇನ್ನೂ ಇದೆ. ಇದು ತಲೆಕೆಳಗಾದ ಭಯ.

ಇನ್ಸುಲಿನ್ ಸೀಸೆಯ ಲೆಕ್ಕವನ್ನೇ ನೋಡಿ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ೪೦ ಯೂನಿಟ್ ಇರುತ್ತದೆ. ಪೆನ್ನಿನಲ್ಲಿರುವುದು ೧೦೦ ಯೂನಿಟ್. ನಲವತ್ತರ ಸಿರಿಂಜಿಗೆ ಕೆಂಪು ಮುಚ್ಚಳ, ನೂರರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅವಸರದಲ್ಲಿ ಯಾರಾದರೂ ನೂರರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಇಪ್ಪತ್ತಲ್ಲ, ಐವತ್ತು ಯೂನಿಟ್. ಎರಡೂವರೆ ಪಟ್ಟು! ಏಳನೆಯ ತರಗತಿಯ ಅನುಪಾತದ ಲೆಕ್ಕ ಇದು. ಇದನ್ನು ತಪ್ಪು ಮಾಡಿದ ವಿದ್ಯಾರ್ಥಿಗೆ ನಾವು ಸೊನ್ನೆ ಹಾಕುತ್ತೇವೆ. ಆಸ್ಪತ್ರೆಯಲ್ಲಿ ತಪ್ಪಾದರೆ ಶಿಕ್ಷೆ ಲೆಕ್ಕ ಮಾಡಿದವರಿಗಲ್ಲ, ಚುಚ್ಚಿಸಿಕೊಂಡವರಿಗೆ.

ಇನ್ನೂ ಸಣ್ಣ ಸಂಗತಿಗಳಿವೆ. ಮೋಡದಂತೆ ಮಸುಕಾಗಿರುವ ಮಿಶ್ರ ಇನ್ಸುಲಿನ್ನನ್ನು ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಿ ಬೆರೆಸಬೇಕು, ಔಷಧಿ ಬಾಟಲಿಯಂತೆ ಕುಲುಕಬಾರದು. ತಿಳಿಯಾಗಿರಬೇಕಾದದ್ದು ಮಸುಕಾದರೆ ಬಳಸಲೇಬಾರದು. ದಾಸ್ತಾನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದು ನಿರುಪಯೋಗಿ. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟುತ್ತದೆ, ಅಲ್ಲಿ ಚುಚ್ಚಿದ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಬ್ಬರ ಪೆನ್ನನ್ನು ಸೂಜಿ ಬದಲಿಸಿ ಇನ್ನೊಬ್ಬರಿಗೆ ಬಳಸುವಂತಿಲ್ಲ, ಏಕೆಂದರೆ ರಕ್ತದ ಅಂಶ ಹಿಂದಕ್ಕೆ ಒಳಗಿನ ಕೊಳವೆಗೂ ಸೇರಬಹುದು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಡ.

ಕಾಲಿನ ವಿಷಯವಂತೂ ಕೇಳಲೇಬೇಡಿ. ಬಹಳ ಕಾಲದ ಮಧುಮೇಹಿಗೆ ಪಾದದ ಸ್ಪರ್ಶಜ್ಞಾನ ಹೋಗಿರಬಹುದು. ಮುಳ್ಳು ಚುಚ್ಚಿದ್ದೂ ಚಪ್ಪಲಿ ಕಚ್ಚಿದ್ದೂ ತಿಳಿಯದು. ಹಾಸಿಗೆಗೆ ಬಂದ ದಿನ ಒಮ್ಮೆ ಸಾಕ್ಸ್ ತೆಗೆಸಿ ಬೆರಳ ಸಂದುಗಳನ್ನು ನೋಡಿದರೆ ಎಷ್ಟೋ ಬೆರಳುಗಳು ಉಳಿಯುತ್ತವೆ. ಭಾವನವರು ಆಸ್ಪತ್ರೆಯಲ್ಲಿದ್ದ ಐದು ದಿನಗಳಲ್ಲಿ ನಾಲಿಗೆ ನೋಡಿದವರಿದ್ದರು, ಕಣ್ಣು ನೋಡಿದವರಿದ್ದರು. ಪಾದ ನೋಡಿದವರು ಒಬ್ಬರೂ ಇರಲಿಲ್ಲ.

"ಡಯಾಬಿಟಿಕ್ ಡಯಟ್" ಎಂಬ ಹೆಸರಿನಲ್ಲಿ ಬಂದದ್ದೇನು? ಪಕ್ಕದ ಹಾಸಿಗೆಯವರಿಗೆ ಬಂದ ಅದೇ ಉಪ್ಪಿಟ್ಟು, ಅದೇ ಬಿಳಿ ಅನ್ನ. ಚಹಾಕ್ಕೆ ಮಾತ್ರ ಸಕ್ಕರೆ ಇಲ್ಲ. "ಬ್ರೆಡ್ಡು, ರಸ್ಕು ತಿನ್ನಲಿ, ಅದರಲ್ಲಿ ಸಕ್ಕರೆ ಇಲ್ಲ" ಎಂದು ಒಬ್ಬರು ಸಲಹೆ ಕೊಟ್ಟರು. "ರಾಗಿಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು" ಎಂದು ಇನ್ನೊಬ್ಬರು. ರಾಗಿ ಒಳ್ಳೆಯ ಧಾನ್ಯ, ನಿಜ. ಆದರೆ ಅದರಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆಯ ಗಾತ್ರ ದೊಡ್ಡದಾದಷ್ಟೂ ಸಕ್ಕರೆ ಏರುತ್ತದೆ. ಮೂರು ಹೊತ್ತೂ ಅಕ್ಕಿ ತಿನ್ನುವ ನಮ್ಮ ಮಲೆನಾಡಿನವರಿಗೆ ಬೇಕಾದದ್ದು "ಅದು ಬೇಡ, ಇದು ಬೇಡ" ಎಂಬ ಪಟ್ಟಿಯಲ್ಲ. ತಟ್ಟೆಯಲ್ಲಿ ಅನ್ನ ಎಷ್ಟು, ಪಲ್ಯ ಎಷ್ಟು, ಕಾಳು ಎಷ್ಟು ಎಂದು ತೋರಿಸಿಕೊಡುವ ಒಬ್ಬ ಮನುಷ್ಯ.

ಬೈಗುಳದ ವಿಷಯಕ್ಕೆ ಬರುತ್ತೇನೆ. ಮಧುಮೇಹಿಯನ್ನು ಆಸ್ಪತ್ರೆಯಲ್ಲಿ ರೋಗಿಯಂತೆ ಕಾಣುವುದಕ್ಕಿಂತ ತಪ್ಪಿತಸ್ಥನಂತೆ ಕಾಣುವುದೇ ಹೆಚ್ಚು. "ಬಾಯಿ ಕಟ್ಟಲ್ಲ ನೀವು." "ಹಬ್ಬದಲ್ಲಿ ಹೋಳಿಗೆ ಹೊಡೆದಿದ್ದೀರಿ ತಾನೇ?" "ಹೀಗೇ ಮಾಡ್ತಿರಿ, ಕಾಲು ಕತ್ತರಿಸ್ತಾರೆ." ಕ್ಷಯದವನಿಗೆ, ಜ್ವರದವನಿಗೆ ಹೀಗೆ ಹೇಳುತ್ತಾರೆಯೇ? ಮೂವತ್ತು ವರ್ಷ ಮೇಷ್ಟ್ರಾಗಿ ನಾನು ಕಲಿತ ಒಂದು ಸತ್ಯವಿದೆ: ಬೈಸಿಕೊಂಡ ಹುಡುಗ ಲೆಕ್ಕ ಕಲಿಯುವುದಿಲ್ಲ, ಸುಳ್ಳು ಹೇಳುವುದನ್ನು ಕಲಿಯುತ್ತಾನೆ. ಪಕ್ಕದವನ ಪುಸ್ತಕ ನೋಡಿ ಬರೆದು ತಂದು ತೋರಿಸುತ್ತಾನೆ. ರೋಗಿಯೂ ಹಾಗೆಯೇ. ತಪಾಸಣೆಗೆ ಮುಂಚಿನ ಎರಡು ದಿನ ಉಪವಾಸವಿದ್ದು "ಒಳ್ಳೆಯ ರಿಪೋರ್ಟ್" ತರುತ್ತಾನೆ. ಸಂಕಷ್ಟಿಯ ಉಪವಾಸವನ್ನು, ರಂಜಾನಿನ ಉಪವಾಸವನ್ನು ವೈದ್ಯರಿಂದ ಮುಚ್ಚಿಡುತ್ತಾನೆ. ಯಾರೋ ಕೊಟ್ಟ ನಾಟಿ ಔಷಧಿಯ ಕಷಾಯ ಕುಡಿಯುತ್ತಾ ಇನ್ಸುಲಿನ್ ಬಿಟ್ಟದ್ದನ್ನು ಬಾಯಿಬಿಡುವುದಿಲ್ಲ. ಸರಿಯಾಗಿ ಕೇಳಿದ್ದರೆ ಹೇಳುತ್ತಿದ್ದ. ಹೇಳಿದ್ದರೆ ಔಷಧಿಯ ಪ್ರಮಾಣ ಬದಲಿಸಿ ಅವನನ್ನು ಉಳಿಸಬಹುದಿತ್ತು. ಬೈಗುಳದಿಂದ ಆಗುವ ನಷ್ಟ ಮರ್ಯಾದೆಯದು ಮಾತ್ರವಲ್ಲ, ಮಾಹಿತಿಯದು.

ಇದು ಭಾವುಕ ಮೇಷ್ಟ್ರೊಬ್ಬನ ಮಾತೆಂದು ತಳ್ಳಿಹಾಕಬೇಡಿ. ಅಮೆರಿಕದ ಮಧುಮೇಹ ಸಂಘವು ಮಧುಮೇಹ ಶಿಕ್ಷಕರ ಸಂಘದೊಡನೆ ಸೇರಿ ೨೦೧೭ರಲ್ಲಿ, ರೋಗಿಗಳೊಡನೆ ಯಾವ ಭಾಷೆ ಬಳಸಬೇಕೆಂದೇ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ೨೦೧೮ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೂ ಅದನ್ನೇ ಮಾಡಿತು. ದೂಷಿಸುವ ಮಾತು ಚಿಕಿತ್ಸೆಯನ್ನೇ ಕೆಡಿಸುತ್ತದೆ ಎಂಬುದನ್ನು ಅವರು ಒಪ್ಪಿಕೊಂಡು ಬರೆದಿಟ್ಟರು.

ಅದೇ ಇಂಗ್ಲೆಂಡಿನವರು ೨೦೧೦ರಿಂದ ಕೆಲವು ವರ್ಷ ತಮ್ಮ ಆಸ್ಪತ್ರೆಗಳಲ್ಲಿ ಒಳರೋಗಿಗಳಾಗಿರುವ ಮಧುಮೇಹಿಗಳ ಲೆಕ್ಕಪರಿಶೋಧನೆ ನಡೆಸಿದರು. ೨೦೧೭ರ ಲೆಕ್ಕದಂತೆ ಸುಮಾರು ಆರು ಹಾಸಿಗೆಗಳಲ್ಲಿ ಒಂದರಲ್ಲಿ ಮಧುಮೇಹಿ ಇದ್ದರು. ಅವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರ ಔಷಧಿಪಟ್ಟಿಯಲ್ಲಿ ತಪ್ಪಿತ್ತು. ಐವರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಆಸ್ಪತ್ರೆಯಲ್ಲಿಯೇ ಸಕ್ಕರೆ ಕುಸಿದಿತ್ತು. ಅಷ್ಟು ಸೌಕರ್ಯವಿರುವ ದೇಶದಲ್ಲಿ! ಅವರು ನಮಗಿಂತ ತಪ್ಪು ಮಾಡುವುದಿಲ್ಲವೆಂದಲ್ಲ, ತಪ್ಪನ್ನು ಎಣಿಸಿ ಲೋಕಕ್ಕೆ ಹೇಳಿದರು. ಭಾವನವರ ಕೇಸ್ ಶೀಟಿನಲ್ಲಿ ಆ ಬೆಳಗಿನ ಘಟನೆ ಹೇಗೆ ದಾಖಲಾಗಿತ್ತು ಗೊತ್ತೇ? "ರೋಗಿಗೆ ತಲೆಸುತ್ತು. ಈಗ ಆರಾಮ."

ನಮ್ಮ ದೇಶದ ಹೊರೆ ಎಷ್ಟೆಂದು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ೧೦.೧ ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩.೬ ಕೋಟಿ. ಹಾಗಿರುವಾಗ ಮಧುಮೇಹಿಯ ಆರೈಕೆ ಎಂಬುದು ತಜ್ಞರೊಬ್ಬರ ಕೋಣೆಯ ವಿಷಯವಾಗಿ ಉಳಿಯಲು ಸಾಧ್ಯವೇ? ಮೂಳೆ ಮುರಿದು ಬಂದವರು, ಹೆರಿಗೆಗೆ ಬಂದವರು, ಕಣ್ಣಿನ ಪೊರೆಗೆ ಬಂದವರು, ಎಲ್ಲರಲ್ಲಿಯೂ ಮಧುಮೇಹಿಗಳಿರುತ್ತಾರೆ. ಎಲ್ಲ ವಾರ್ಡುಗಳೂ ಇಂದು ಮಧುಮೇಹದ ವಾರ್ಡುಗಳೇ.

ನಮ್ಮ ಜಿಲ್ಲೆಗಂತೂ "ಗೊತ್ತಿರಲಿಲ್ಲ" ಎನ್ನುವ ಸೌಲಭ್ಯವೇ ಇಲ್ಲ. ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳ ತಡೆಗಾಗಿ ಕೇಂದ್ರ ಸರ್ಕಾರ ೨೦೧೦ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದಾಗ ದೇಶದಲ್ಲಿ ಮೊದಲು ಆಯ್ದುಕೊಂಡ ನೂರು ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು. ಮೂವತ್ತು ದಾಟಿದವರ ತಪಾಸಣೆ, ಪ್ರತ್ಯೇಕ ಚಿಕಿತ್ಸಾಲಯ, ಸಿಬ್ಬಂದಿಯ ತರಬೇತಿ ಎಲ್ಲವೂ ಅದರ ಕಾಗದದಲ್ಲಿದ್ದವು. ನಮ್ಮ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನರ್ಸಿಂಗ್ ಕಾಲೇಜುಗಳಿವೆ. ಬೆರಳು ಚುಚ್ಚಿ "ನಿಮಗೆ ಶುಗರ್ ಇದೆ" ಎಂದು ಹೇಳುವ ಶಿಬಿರಗಳು ನಡೆಯುತ್ತಲೇ ಇವೆ. ಹೇಳಿದ ಮೇಲೆ ಮುಂದೇನು? ಆ ಮನುಷ್ಯ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದಾಗ ಅವನ ಸುತ್ತ ಓಡಾಡುವವರಿಗೆಲ್ಲ ಅವನ ಕಾಯಿಲೆ ಅರ್ಥವಾಗುತ್ತದೆಯೇ?

ನರ್ಸ್ ಆಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ನೊಂದುಕೊಂಡಳು. "ಸಾರ್, ರಾತ್ರಿ ಪಾಳೀಲಿ ಮೂವತ್ತು ಹಾಸಿಗೆಗೆ ನಾನೊಬ್ಬಳೇ ಇರ್ತೀನಿ. ಡಾಕ್ಟರು ಬರೆಯದೆ ಒಂದು ಚಮಚ ಗ್ಲುಕೋಸ್ ಕೊಟ್ಟರೂ ನನ್ನನ್ನೇ ಕೇಳ್ತಾರೆ. ಪೇಷೆಂಟ್ ಕಡೆಯವರು ನಮ್ಮ ಮೇಲೆ ಕೈ ಮಾಡೋಕೂ ಬರ್ತಾರೆ. ಇಷ್ಟರ ಮೇಲೆ ನೀವೂ ಬೈಯ್ತೀರಾ?"

ಅವಳ ಮಾತಿನಲ್ಲಿ ಸುಳ್ಳಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧಕ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎನ್ನುತ್ತದೆ. ಮೂವತ್ತಕ್ಕೆ ಒಬ್ಬರನ್ನು ನಿಲ್ಲಿಸಿ, ಆಮೇಲೆ ಅವರ "ಧೋರಣೆ"ಯ ಬಗ್ಗೆ ಭಾಷಣ ಮಾಡುವುದು ಅನ್ಯಾಯ. ನಾವೂ ಸಾಚಾಗಳಲ್ಲ. ವಾರ್ಡಿಗೆ ಹೋಳಿಗೆಯ ಡಬ್ಬಿ ಹೊತ್ತು ಹೋಗುವವರು ನಾವೇ. ವಾಟ್ಸಾಪಿನಲ್ಲಿ ಬಂದ ಎಲೆಯ ರಸವನ್ನು ನಂಬಿ ವೈದ್ಯರ ಮಾತನ್ನು ಧಿಕ್ಕರಿಸುವವರೂ ನಾವೇ. ಒಪ್ಪಿದೆ.

ಆದರೆ ಮಗಳೇ, ಬೀರುವಿಗೆ ಬೀಗ ಹಾಕಿದ್ದು ಸಿಬ್ಬಂದಿಯ ಕೊರತೆಯಿಂದಲ್ಲ. ಗ್ಲುಕೋಸ್ ಪುಡಿಯ ಪೊಟ್ಟಣ ಹಾಸಿಗೆಯ ಪಕ್ಕದಲ್ಲಿಲ್ಲದ್ದು ಹಣದ ಕೊರತೆಯಿಂದಲೂ ಅಲ್ಲ. ನಿನಗೆ ಆ ಒಂದು ಚಮಚ ಕೊಡುವ ಅಧಿಕಾರವಿಲ್ಲದಿದ್ದರೆ ತಪ್ಪು ನಿನ್ನದಲ್ಲ, ಸಕ್ಕರೆ ಎಪ್ಪತ್ತಕ್ಕಿಂತ ಇಳಿದಾಗ ನರ್ಸ್ ಏನು ಮಾಡಬೇಕೆಂದು ಮೊದಲೇ ಲಿಖಿತ ಆದೇಶ ಕೊಟ್ಟಿಡದ ಆಡಳಿತದ್ದು. ನಾನು ಬೈಯುತ್ತಿರುವುದು ಅವರನ್ನು. ಮೂರು ವರ್ಷ ನರ್ಸಿಂಗ್ ಓದಿಸಿ, ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಮತ್ತೊಂದು ಪಾಠವನ್ನೂ ಹೇಳದೆ ದುಡಿಸಿಕೊಳ್ಳುವವರನ್ನು. ಮೇಷ್ಟ್ರುಗಳಾದ ನಮಗೂ ಪಠ್ಯ ಬದಲಾದಾಗಲೆಲ್ಲ ಪುನಶ್ಚೇತನ ತರಬೇತಿ ಇರುತ್ತಿತ್ತು!

ಈ ಎಲ್ಲದಕ್ಕೂ ಪರಿಹಾರವನ್ನು ಹೇಳಿದ್ದು ಭಾವನವರೇ. ಮನೆಗೆ ಬಂದ ಮೇಲೆ ಒಂದು ಸಂಜೆ ಜಗುಲಿಯಲ್ಲಿ ಕುಳಿತು ಅವರು ಹೇಳಿದರು: "ನಮ್ಮ ಕಾರ್ಖಾನೇಲಿ ಯಾವುದಾದ್ರೂ ಮಿಷನ್ನು ರಿಪೇರಿಗೆ ಬಿಚ್ಚಿದ್ರೆ ಮೊದಲು ಸ್ವಿಚ್ಚಿಗೆ ಒಂದು ಕೆಂಪು ಬೋರ್ಡ್ ನೇತುಹಾಕ್ತಿದ್ವಿ. 'ಜನ ಕೆಲಸ ಮಾಡ್ತಿದ್ದಾರೆ, ಸ್ವಿಚ್ ಹಾಕಬೇಡಿ' ಅಂತ. ಪಾಳಿ ಬದಲಾದ್ರೂ, ಹೊಸಬ ಬಂದ್ರೂ, ಅದನ್ನು ನೋಡಿ ಕೈ ಹಿಂದಕ್ಕೆ ತಗೊಳ್ತಿದ್ದ. ಯಾರ ನೆನಪಿನ ಮೇಲೂ ನಂಬಿಕೆ ಇಡ್ತಿರ್ಲಿಲ್ಲ. ಆವತ್ತು ನನಗೆ ಒಂದು ಬೋರ್ಡ್ ನೇತುಹಾಕೋಕೆ ಯಾರೂ ಇರ್ಲಿಲ್ಲ ನೋಡು."

ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯಲು ಆರಂಭಿಸಿದ್ದು ೧೯೨೩ರಲ್ಲಿ. ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟದ್ದು ೧೯೨೨ರ ಜನವರಿಯಲ್ಲಿ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಕುಲುಮೆಯ ಕೆಲಸಗಾರರು ಯಂತ್ರಕ್ಕೆ ತೋರಿಸಿದ ಎಚ್ಚರಿಕೆಯನ್ನು ಆಸ್ಪತ್ರೆ ಮನುಷ್ಯನಿಗೆ ತೋರಿಸಬಾರದೇ?

ಆದ್ದರಿಂದ ನನ್ನ ಒತ್ತಾಯಗಳು ಇಷ್ಟು. ಇನ್ಸುಲಿನ್ ಕೊಟ್ಟ ಕೂಡಲೇ ರೋಗಿಯ ಹಾಸಿಗೆಗೂ ಅವನು ಕೂರುವ ಗಾಲಿಕುರ್ಚಿಗೂ ಒಂದು ಕೆಂಪು ಚೀಟಿ ಬೀಳಲಿ: "ಇನ್ಸುಲಿನ್ ಕೊಡಲಾಗಿದೆ. ಆಹಾರ ತಡೆಯುವ ಮುನ್ನ ವಾರ್ಡಿಗೆ ತ್ರಿಳಿಸಿ" ಎಂದು ಕನ್ನಡದಲ್ಲಿ. ಪ್ರತಿ ವಾರ್ಡಿನಲ್ಲಿ ಗ್ಲುಕೋಮೀಟರ್ ಮತ್ತು ಗ್ಲುಕೋಸ್ ಪುಡಿ ಬೀಗವಿಲ್ಲದ ಜಾಗದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಇರಲಿ. ಸಕ್ಕರೆ ಕುಸಿದಾಗ ಏನು ಮಾಡಬೇಕೆಂಬ ಲಿಖಿತ ಆದೇಶ ಗೋಡೆಯ ಮೇಲಿರಲಿ. ವರ್ಷಕ್ಕೆ ಒಂದು ದಿನವಾದರೂ ಎಲ್ಲ ಸಿಬ್ಬಂದಿಗೂ ಪಾಠವಾಗಲಿ; ನರ್ಸ್‌ಗಳಿಗಷ್ಟೇ ಅಲ್ಲ, ಆಯಾ, ವಾರ್ಡ್ ಬಾಯ್, ಸ್ಕ್ಯಾನಿಂಗ್ ಕೋಣೆಯವರು, ಅಡುಗೆಮನೆಯವರು, ಬಾಗಿಲು ಕಾಯುವವರಿಗೂ. ಪಾಠವೆಂದರೆ ಭಾಷಣವಲ್ಲ, ಸಿರಿಂಜು ಕೈಗೆ ಕೊಟ್ಟು ಮಾಡಿಸಿ ನೋಡಬೇಕು. ಸೇರಿಸಿಕೊಂಡ ದಿನ ಪಾದಗಳನ್ನು ನೋಡಲಿ. ಮನೆಗೆ ಕಳುಹಿಸುವಾಗ ಮನೆಯ ಒಬ್ಬರಿಂದ ಒಮ್ಮೆ ಇನ್ಸುಲಿನ್ ಎಳೆಯಿಸಿ, ಸರಿಯಾಗಿದೆಯೆಂದು ನೋಡಿ ಕಳುಹಿಸಲಿ. ಕೊನೆಯದಾಗಿ, ಬೈಯುವುದನ್ನು ನಿಲ್ಲಿಸಲಿ. ಅದಕ್ಕೆ ಸರ್ಕಾರದ ಅನುದಾನವೇನೂ ಬೇಕಿಲ್ಲ.

ನನ್ನ ಬಂಧುಗಳಲ್ಲಿ ಮಧುಮೇಹವಿಲ್ಲದ ಮನೆಯೇ ಇಲ್ಲ. ನಿಮಗೆ ಹೇಳುವುದು ಒಂದೇ: ಆಸ್ಪತ್ರೆಗೆ ಹೋಗುವಾಗ ಗ್ಲುಕೋಸ್ ಪೊಟ್ಟಣ ಚೀಲದಲ್ಲಿರಲಿ. ಇನ್ಸುಲಿನ್ ಆದ ಮೇಲೆ ಯಾರಾದರೂ "ಏನೂ ತಿನ್ನಬೇಡಿ" ಎಂದರೆ "ಇನ್ಸುಲಿನ್ ಆಗಿದೆ, ಡಾಕ್ಟರನ್ನು ಕೇಳಿ ಹೇಳಿ" ಎಂದು ಗಟ್ಟಿಯಾಗಿ ಹೇಳಿ. ಓದಿದವರ ಥರ ಕಾಣದಿದ್ದರೂ ಚಿಂತೆಯಿಲ್ಲ. ಅಕ್ಕ ಈಗ ಹಾಗೆಯೇ ಹೇಳುತ್ತಾಳೆ. ಭಾವನವರು ರಟ್ಟಿನಲ್ಲಿ ತಾವೇ ಒಂದು ಕೆಂಪು ಚೀಟಿ ಕತ್ತರಿಸಿ, ದಾರ ಕಟ್ಟಿ, ತಮ್ಮ ಔಷಧಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಮುಂದಿನ ಬಾರಿ ಕೊರಳಿಗೆ ಹಾಕಿಕೊಂಡೇ ಮಲಗುತ್ತಾರಂತೆ!

ಆಸ್ಪತ್ರೆಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನಾಳೆ ನಿಮ್ಮ ಪಾಳಿಗೆ ಹೋದಾಗ ಒಂದು ಕೆಲಸ ಮಾಡಿ. ವಾರ್ಡಿನ ಗ್ಲುಕೋಮೀಟರ್ ಎಲ್ಲಿದೆ, ಅದರ ಬೀಗದ ಕೀಲಿ ಯಾರ ಬಳಿ ಇದೆ ಎಂದು ನೋಡಿ ನನಗೆ ಬರೆಯಿರಿ. ಈ ಬಾರಿ ಅಂಕ ಕೊಡುವುದಿಲ್ಲ, ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.